ಗೋವಾ ಸಮುದ್ರದಲ್ಲಿ ಮಾಲೀಕರು ಬಿಟ್ಟುಹೋದ ಹಳೇ ಬೋಟುಗಳನ್ನು ತೆಗೆಯಲು ಸರ್ಕಾರ ಗುತ್ತಿಗೆ ಹೇಗೆ ಕೊಡುತ್ತದೆ? ಅಷ್ಟು ತಡ ಯಾಕೆ?

ನಾನಿರುವುದು ವಾಸ್ಕೋದಲ್ಲಿ. ನಮ್ಮ ಕನ್ನಡದವರ ಗುಂಪಿನಲ್ಲೂ ಈ ಪ್ರಶ್ನೆ ಆಗಾಗ ಬರುತ್ತದೆ.

ಮೊದಲು ಮಾಲೀಕನಿಗೆ ನೋಟಿಸ್ ಹೋಗಬೇಕು. ಬೋಟು ಎಷ್ಟೇ ಕೊಳೆತಿದ್ದರೂ ಅದು ಯಾರದೋ ಆಸ್ತಿ ಅಲ್ವಾ, ಸುಮ್ನೆ ಮುರಿಯಲು ಆಗುವುದಿಲ್ಲ. ಅವನು ತೆಗೆಯದಿದ್ದರೆ ಬಂದರು ಅಧಿಕಾರಿಗಳೇ ತೆಗೆಸಿ, ಮಾರಿ, ಖರ್ಚು ವಸೂಲಿ ಮಾಡಬಹುದು. 1908ರ ಬಂದರು ಕಾಯ್ದೆಯಲ್ಲೇ ಈ ಅಧಿಕಾರ ಇತ್ತು.

ಆಮೇಲೆ ಟೆಂಡರ್. ನಿಜವಾದ ಕಥೆ ಇರುವುದು ಇಲ್ಲೇ: ಗುಜರಿಗೆ ಬೆಲೆ ಇದೆಯಾ? ಉಕ್ಕಿನ ಹಡಗಾದರೆ ಗುತ್ತಿಗೆದಾರ ಗುಜರಿ ಆಸೆಗೇ ಬರಬಹುದು. ಮರದ ಅಥವಾ ಫೈಬರ್ ಬೋಟನ್ನು ಯಾರು ಕೊಳ್ಳುತ್ತಾರೆ? ಅಲ್ಲಿ ಸರ್ಕಾರವೇ ದುಡ್ಡು ಕೊಡಬೇಕು. ಗುಜರಿ ನಂಬಿದ ಗುತ್ತಿಗೆಯಲ್ಲೂ ಅಪಾಯ ಇದೆ. ಸುಲಭವಾಗಿ ಸಿಗುವ ಮೇಲಿನ ಉಕ್ಕು ಕತ್ತರಿಸಿಕೊಂಡು, ಮರಳಲ್ಲಿ ಹೂತ ತಳ ಬಿಟ್ಟು ಹೋದರೆ? ಅದಕ್ಕೇ ಬ್ಯಾಂಕ್ ಗ್ಯಾರಂಟಿ ಬೇಕು, ಅಂದರೆ ಗುತ್ತಿಗೆದಾರ ಕೈಕೊಟ್ಟರೆ ಅವನ ಪರವಾಗಿ ಬ್ಯಾಂಕೇ ಸರ್ಕಾರಕ್ಕೆ ಹಣ ಕೊಡುವ ಭರವಸೆ. ಸಮುದ್ರದ ತಳ ಪೂರ್ತಿ ಖಾಲಿಯಾಗಿದೆ ಎಂದು ಮುಳುಗುಗಾರರು ನೋಡಿದ ಮೇಲೆಯೇ ಆ ಗ್ಯಾರಂಟಿಯನ್ನು ವಾಪಸ್ ಕೊಡಬೇಕು. ಎಣ್ಣೆಯನ್ನಂತೂ ಮೊದಲೇ ಹೊರತೆಗೆಸಬೇಕು.

ಗೋವಾದ ಕಾಂಡೋಲಿಮ್ ಬೀಚಿನ ‘ರಿವರ್ ಪ್ರಿನ್ಸೆಸ್’ ನೆನಪಿದೆಯಾ? 2000ದ ಜೂನ್‌ನಲ್ಲಿ ಮರಳಿಗೆ ಸಿಕ್ಕಿದ ಹಡಗು. ಅದಕ್ಕಾಗಿ ಗೋವಾ 2001ರಲ್ಲಿ ಹೊಸ ಕಾನೂನನ್ನೇ ಮಾಡಿತು. ಆದರೂ ಕೋರ್ಟು, ಕೈಕೊಟ್ಟ ಗುತ್ತಿಗೆ ಅಂತ ಹತ್ತು ವರ್ಷಕ್ಕೂ ಜಾಸ್ತಿ ಎಳೆಯಿತು. ಅಷ್ಟರಲ್ಲಿ ಮರಳು ಅದನ್ನು ಇನ್ನೂ ಗಟ್ಟಿಯಾಗಿ ಹಿಡಿದಿತ್ತು, ಕೆಲಸವೂ ಕಷ್ಟವಾಯಿತು. ಮಳೆಗಾಲದ ನಾಲ್ಕು ತಿಂಗಳು ಕಡಲಿಗೆ ಇಳಿಯುವ ಹಾಗೇ ಇಲ್ಲ, ನೋಡಿ. ಟೆಂಡರ್ ಫೈಲು ಮಾರ್ಚ್‌ವರೆಗೆ ಕೂತರೆ ಆ ವರ್ಷದ ಕೆಲಸ ಹೋದಂತೆಯೇ.