ಇನ್ನೆರಡು ಸಲ ಬಾಕಿ ಇದೆಯಾ? ಅಲ್ಲೇ ನಿಲ್ಲಿಸಿ

ಸೋಮವಾರಪೇಟೆಯಿಂದ ಮೆಲ್ಬರ್ನ್‌ಗೆ ಹೋಗಿದ್ದೀರಿ. ಊರಿಂದ ಒಯ್ದ ಡಿವಿಡಿ ಹಾಕಿದರೆ ಒಂದು ರೀಜನ್, ಅಲ್ಲಿ ಕೊಂಡದ್ದು ಹಾಕಿದರೆ ಇನ್ನೊಂದು. ರೀಜನ್ ಅಂದರೆ ಡಿಸ್ಕ್ ಯಾವ ದೇಶಗಳಿಗೆ ಅನ್ನುವ ನಂಬರು; ಡ್ರೈವಿನ ನಂಬರೂ ಅದೇ ಇದ್ದರೆ ಓಡುತ್ತದೆ, ಡ್ರೈವಿನದನ್ನು ಬದಲಿಸಲು ಬಿಡುವುದು ಐದೇ ಸಲ. ಲ್ಯಾಪ್‌ಟಾಪಿನಲ್ಲಿ ಮೂರು ಸಲ ಬದಲಿಸಿ ಆಯ್ತು, ಇನ್ನೆರಡೇ ಉಳಿದಿದೆ, ಫಾರ್ಮ್ಯಾಟ್ ಹೊಡೆದರೆ ಲೆಕ್ಕ ಮತ್ತೆ ಐದಕ್ಕೆ ಬರುತ್ತದಾ ಅಂತ ಕೇಳಿದ್ದೀರಿ.

ಬರಲ್ಲ. ಆ ಲೆಕ್ಕ ಇರುವುದು ವಿಂಡೋಸ್‌ನಲ್ಲಲ್ಲ, ಡ್ರೈವಿನ ಫರ್ಮ್‌ವೇರ್‌ನಲ್ಲಿ, ಅಂದರೆ ಡ್ರೈವಿನೊಳಗೇ ಕೂತಿರುವ ತಂತ್ರಾಂಶದಲ್ಲಿ. ವಿಂಡೋಸ್ ಕಿತ್ತು ಲಿನಕ್ಸ್ ಹಾಕಿ, ಡ್ರೈವನ್ನೇ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ, ಲೆಕ್ಕವೂ ಜೊತೆಗೇ ಹೋಗುತ್ತದೆ. 2000ದಿಂದೀಚೆಗೆ ಬಂದ ಡ್ರೈವ್‌ಗಳ ಕಟ್ಟುಪಾಡು ಇದು. ಐದನೇ ಸಲ ಯಾವುದಕ್ಕೆ ಇಟ್ಟಿರೋ ಅದೇ ಕಾಯಂ.

ನನ್ನ ಐದನೇ ಸಲ ಹೋದದ್ದು ಹೇಗೆ ಅಂತ ಕೇಳಿ. ಆಗ ನಾನು ಇಂಗ್ಲೆಂಡಿನಲ್ಲಿದ್ದೆ. ಡ್ರೈವ್ ಬಂದದ್ದೇ 2ರಲ್ಲಿ, ಯುರೋಪಿನ ನಂಬರು. ನಮ್ಮ ಭಾರತದ್ದು 5, ನಿಮ್ಮ ಆಸ್ಟ್ರೇಲಿಯಾದ್ದು 4. ಇತ್ತ ಒಮ್ಮೆ ಅತ್ತ ಒಮ್ಮೆ ಅಂತ ನಾಲ್ಕು ಸಲ ಕಳೆದಿದ್ದೆ. ರಜೆ ಸಿಗದೆ ತಂಗಿಯ ಮದುವೆಗೆ ಬರಲಾಗಲಿಲ್ಲ, ಅವ್ವ ವಿರಾಜಪೇಟೆಯಿಂದ ಮದುವೆಯ ಡಿವಿಡಿ ಕಳಿಸಿದರು. ಹಾಕಿದರೆ ಖಾಲಿ ಡಿಸ್ಕ್ ಅನ್ನುತ್ತದೆ. ಫೋನಿನಲ್ಲಿ ಅವ್ವನದು ಒಂದೇ ಪ್ರಶ್ನೆ, 'ನೋಡಿದ್ಯಾ?' ಇಂಡಿಯಾದ ಡಿಸ್ಕ್ ತಾನೇ, ರೀಜನ್ನೇ ಇರಬೇಕು ಅಂತ ಕೊನೆಯ ಸಲವನ್ನೂ ಬಳಸಿ 5ಕ್ಕೆ ಇಟ್ಟೆ. ಆಗಲೂ ಖಾಲಿ!

ಮದುವೆ ಡಿಸ್ಕಿಗೆ ರೀಜನ್ನೇ ಇರುವುದಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ವಿಡಿಯೋದವರು ರೆಕಾರ್ಡ್ ಮಾಡಿ ಫೈನಲೈಸ್ ಮಾಡಿರಲಿಲ್ಲ, ಅಂದರೆ ಬೇರೆ ಯಂತ್ರಗಳೂ ಓದುವಂತೆ ಡಿಸ್ಕನ್ನು ಮುಗಿಸಿಕೊಟ್ಟಿರಲಿಲ್ಲ, ಅಷ್ಟೇ. ಅವರ ಯಂತ್ರದಲ್ಲಿ ಓಡುತ್ತದೆ, ಬೇರೆಡೆ ಓಡುವುದಿಲ್ಲ. ಎರಡನೇ ಪ್ರತಿ ಬಂದಾಗ ನೋಡಿದೆ: ಗಂಗಾಪೂಜೆ, ತಂಗಿ ತಲೆ ಮೇಲೆ ಬಿಂದಿಗೆ ಹೊತ್ತು ನಿಂತಿದ್ದಾಳೆ, ಮುಂದೆ ವಾಲಗಕ್ಕೆ ಕುಣಿಯುವವರು ದಾರಿ ಬಿಡುತ್ತಿಲ್ಲ. ನನ್ನ ಡ್ರೈವ್ ಮಾತ್ರ 5ರಲ್ಲೇ ಕೂತುಬಿಟ್ಟಿತು.

ಹಾಗಾಗಿ ಮೊದಲು ಕವರಿನ ಹಿಂಬದಿ ನೋಡಿ. ಸಣ್ಣ ಭೂಗೋಳದ ಚಿತ್ರದೊಳಗೆ ನಂಬರು ಇರುತ್ತದೆ. 'ಆಲ್' ಅಥವಾ 0 ಅಂತಿದ್ದರೆ ರೀಜನ್ ತಂಟೆಯೇ ಇಲ್ಲ, ತೊಂದರೆ ಬೇರೆ ಕಡೆ ಇದೆ. ವಿಂಡೋಸ್ 8ರಿಂದ ಈಚೆಗೆ ಡಿವಿಡಿ ಸಿನಿಮಾ ಓಡಿಸುವ ಸೌಲಭ್ಯವನ್ನೇ ಜೊತೆಗೆ ಕೊಡುತ್ತಿಲ್ಲ, ಬಹಳ ಜನ ಅದನ್ನೂ ರೀಜನ್ ತಲೆಗೆ ಕಟ್ಟುತ್ತಾರೆ.

ನಿಜಕ್ಕೂ ರೀಜನ್ನೇ ಆದರೆ, ಒಂದು ಯುಎಸ್‌ಬಿ ಡಿವಿಡಿ ಡ್ರೈವ್ ಕೊಳ್ಳಿ. ಲ್ಯಾಪ್‌ಟಾಪಿನದು 4ರಲ್ಲಿ, ಹೊರಗಿನದು 5ರಲ್ಲಿ, ಮತ್ತೆ ಯಾವುದನ್ನೂ ಮುಟ್ಟಬೇಡಿ. ತಲೆನೋವಿಲ್ಲದ ದಾರಿ ಇದೇ.

ಖರ್ಚಿಲ್ಲದ್ದು ವಿಎಲ್‌ಸಿ ಪ್ಲೇಯರ್. ಬೇರೆ ಪ್ಲೇಯರ್‌ಗಳು ಡಿಸ್ಕಿನ ಬೀಗದ ಕೈಯನ್ನು ಡ್ರೈವಿನ ಹತ್ತಿರ ಕೇಳುತ್ತವೆ, ರೀಜನ್ ಹೊಂದದಿದ್ದರೆ ಡ್ರೈವ್ ಕೊಡಲ್ಲ. ವಿಎಲ್‌ಸಿ ತಾನೇ ಲೆಕ್ಕ ಹಾಕಿ ಆ ಬೀಗದ ಕೈ ಕಂಡುಹಿಡಿಯುತ್ತದೆ. ಡಿಸ್ಕ್ ಹಾಕಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಂತೆ ಕಂಡರೆ ಗಾಬರಿಯಾಗಬೇಡಿ. ಆದರೆ ಕೆಲವು ಡ್ರೈವ್‌ಗಳು ಬೇರೆ ರೀಜನ್ನಿನ ಡಿಸ್ಕನ್ನು ಓದಲಿಕ್ಕೇ ಬಿಡುವುದಿಲ್ಲ, ಅಲ್ಲಿ ವಿಎಲ್‌ಸಿಯ ಆಟವೂ ನಡೆಯಲ್ಲ. ನನ್ನ ಡ್ರೈವಿನಲ್ಲಿ ನಡೆಯಿತು, ಆಮೇಲೆ ಇಂಗ್ಲೆಂಡಿನ ಡಿಸ್ಕ್ ನೋಡಿದ್ದೆಲ್ಲ ಹಾಗೇ. ಫರ್ಮ್‌ವೇರ್ ಬದಲಿಸಿ ಎಲ್ಲ ರೀಜನ್ ಓಡಿಸಿಕೊಡುತ್ತೇವೆ ಅನ್ನುವವರ ಮಾತು ಕೇಳಬೇಡಿ, ಎಡವಟ್ಟಾದರೆ ಡ್ರೈವೇ ಸತ್ತುಹೋಗುತ್ತದೆ. ಪಾಲ್, ಎನ್‌ಟಿಎಸ್‌ಸಿ ಅನ್ನುವ ಬೇರೆ ಬೇರೆ ದೇಶಗಳ ವಿಡಿಯೋ ಪದ್ಧತಿಗಳ ಚಿಂತೆ ಬಿಡಿ, ಅದು ಟಿವಿಯ ರಗಳೆ, ಲ್ಯಾಪ್‌ಟಾಪ್ ಎರಡನ್ನೂ ತೋರಿಸುತ್ತದೆ.

ಊರಿಂದ ತಂದ ಡಿಸ್ಕ್ ಅಂದಿರಲ್ಲ, ಬೆಳಕಿಗೆ ಹಿಡಿದು ಒಮ್ಮೆ ನೋಡಿ. ನಮ್ಮ ಮಳೆಗಾಲದಲ್ಲಿ ಬೀರುವಿನೊಳಗಿನ ಚಪ್ಪಲಿಗೇ ಬೂಷ್ಟು ಬರುತ್ತದೆ, ಕಾಗದದ ಕವರಿನಲ್ಲಿಟ್ಟ ಡಿಸ್ಕ್ ಯಾವ ಲೆಕ್ಕ? ಮಂಜಿನಂಥ ಪೊರೆ ಕಂಡರೆ ಮೆತ್ತನೆಯ ಒದ್ದೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ಪೂರ್ತಿ ಒಣಗಿದ ಮೇಲೇ ಡ್ರೈವಿಗೆ ಹಾಕಿ.