ಗುಡ್ಡೆ ಸುಮ್ನೆ ಬಿದ್ದಿದೆ ಅಂತ ಜೆಸಿಬಿ ಇಳಿಸಬಹುದಾ?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ. ಅಡಿಕೆ ತೋಟದ ಮೇಲ್ಗಡೆ ಮೂರು ಎಕರೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆ ಇದೆ. ಪೊದೆ, ಮುಳ್ಳು, ಕಾಸರಕನ ಮರ, ಹಾವು. ಒಂದು ಪೈಸೆ ಆದಾಯ ಇಲ್ಲ. ತೋಟಕ್ಕೆ ಸುರಂಗದ (ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಬಾವಿಯ) ನೀರು ಮಾರ್ಚ್‌ವರೆಗೂ ಸಿಗುತ್ತದೆ, ಹಾಗಾಗಿ ರಬ್ಬರ್ ಇಡೋಣ, ಜೆಸಿಬಿಯಲ್ಲಿ ಸಮ ಮಾಡೋಣ ಅಂತ ತಮ್ಮ ಹೇಳುತ್ತಾನೆ. ಮಗಳು ಕಾಲೇಜಲ್ಲಿ ಜೀವವೈವಿಧ್ಯ ಅಂತ ಓದಿ ಬಂದು ಬೇಡ ಅಂತ ಹಟ ಹಿಡಿದಿದ್ದಾಳೆ. ಹುಳ ಹುಪ್ಪಟೆ ಉಳಿಸಿ ನಮಗೇನು ಲಾಭ ಸಾರ್? ನೇರ ಹೇಳಿ.

ಉತ್ತರ: ನೇರವಾಗಿಯೇ ಹೇಳುತ್ತೇನೆ, ಜೆಸಿಬಿ ಇಳಿಸಬೇಡಿ. ಗುಡ್ಡೆಯಿಂದ ಆದಾಯ ಇಲ್ಲ ಅಂದಿರಿ. ಆದರೆ ಸುರಂಗದ ನೀರು ಬರುವುದು ಆ ಗುಡ್ಡೆಯಿಂದಲೇ ಅಲ್ವಾ?

ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆದರೂ ಬೇಸಿಗೆಯಲ್ಲಿ ಬಾವಿ ಬತ್ತಿ ಟ್ಯಾಂಕರ್ ಕಾಯುವ ಮನೆಗಳಿವೆ. ಮಳೆ ಬಿದ್ದರೆ ಸಾಲದು, ಇಳಿಯಬೇಕು. ಗುಡ್ಡೆಯಲ್ಲಿ ಒಂದು ಕಡೆ ತರಗೆಲೆ ಸರಿಸಿ ನೋಡಿ. ಅಡಿಯಲ್ಲಿ ತೇವದ ಕಪ್ಪು ಮಣ್ಣು, ಅದರಲ್ಲಿ ಎರೆಹುಳ, ಇರುವೆ, ಗೆದ್ದಲು, ಬಿಳಿ ಬೂಸ್ಟು. ಗೆದ್ದಲು ಕೊರೆದ ದಾರಿ, ಸತ್ತ ಬೇರು ಕೊಳೆತು ಬಿಟ್ಟ ತೂತು, ಇವುಗಳಲ್ಲೇ ನೀರು ಮುರಕಲ್ಲಿನ ಒಳಗೆ ಇಳಿಯುತ್ತದೆ, ಮತ್ತೆ ತಿಂಗಳುಗಟ್ಟಲೆ ನಿಧಾನಕ್ಕೆ ಒಸರಿ ಸುರಂಗಕ್ಕೆ ಬರುತ್ತದೆ. ಆ ಪದರ ಕೆರೆದು ಹಾಕಿದರೆ ಬಿಸಿಲಿಗೆ ಮುರಕಲ್ಲು ಇನ್ನೂ ಗಟ್ಟಿಯಾಗುತ್ತದೆ, ಮಳೆ ನೀರು ಕೆಂಪಾಗಿ ತೋಡಿಗೆ ಓಡುತ್ತದೆ. ರಬ್ಬರ್ ಮರದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹತ್ತಾರು ಬಗೆಯ ಬೇರು, ಎಲೆ, ಹುಳ ಸೇರಿ ಮಾಡುವ ಕೆಲಸವನ್ನು ಒಂದೇ ಬಗೆಯ ಮರ ಮಾಡಲಾರದು.

ಇನ್ನು ಹುಳದ ಲಾಭ. ಹಿತ್ತಿಲಲ್ಲಿ ಚೀನಿಕಾಯಿ (ಸಿಹಿಗುಂಬಳ) ಬಳ್ಳಿ ಇದ್ದರೆ ಬೆಳಗ್ಗೆ ಬೇಗ ಹೋಗಿ ನೋಡಿ. ಹೆಣ್ಣು ಹೂ ಅರಳುವುದು ಒಂದೇ ಬೆಳಗ್ಗೆ, ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಜೇನುನೊಣ ಗಂಡು ಹೂವಿನ ಪರಾಗ ಹೊತ್ತು ಹಲವು ಸಲ ಬಂದು ಹೋಗದಿದ್ದರೆ ಮಿಡಿ ಹಳದಿಯಾಗಿ ಉದುರುತ್ತದೆ. ಮುಳ್ಳುಸೌತೆ ಸೊಟ್ಟಗಾಗುವುದಕ್ಕೂ ಎಷ್ಟೋ ಸಲ ಇದೇ ಕಾರಣ, ನಾವು ಗೊಬ್ಬರ ಕಡಿಮೆಯಾಯಿತು ಅಂದುಕೊಳ್ಳುತ್ತೇವೆ. ಚೀನಿಕಾಯಿ ಹೂ ಬಿಡುವುದು ಕೆಲವು ವಾರ ಮಾತ್ರ. ಉಳಿದ ಕಾಲ ತುಡುವೆ, ಮುಜಂಟಿ ಜೇನುಗಳು ಏನು ತಿನ್ನಬೇಕು? ಗುಡ್ಡೆಯ ಕೇಪಳ, ಕುಂಟಾಲ, ನೇರಳೆಗೇ ಹೋಗಬೇಕು. ನೀವು ದಂಡ ಅನ್ನುವ ಪೊದೆಯೇ ಅವಕ್ಕೆ ಅನ್ನ.

ಇದು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಗುರಿ ಚಹಾ ಸೊಳ್ಳೆ ಎಂಬ ಒಂದು ಕೀಟ. ಆದರೆ ಜೇನು ಸತ್ತಿತು, ತೋಡಿನ ಮೀನು ಸತ್ತಿತು, ಕಪ್ಪೆ ಸತ್ತಿತು. ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಮಕ್ಕಳ ಸಂಕಟ ಎಣ್ಮಕಜೆಯ ಮನೆಮನೆಗಳಲ್ಲಿ ಕಂಡ ಮೇಲೂ ವರ್ಷಗಳು ಹೋದವು, ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿದ್ದು 2011ರಲ್ಲಿ. ಸಣ್ಣ ಜೀವಿಗಳು ಸಾಯುವಾಗ ನಮಗೇನು ಅನ್ನುವ ಪ್ರಶ್ನೆ ಕೇಳಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ನಿಮ್ಮ ಮೇಲೆ ಅಲ್ಲ, ಆ ನೆನಪಿಗೆ.

ಹಾವಿನ ಬಗ್ಗೆ ಒಂದೇ ಮಾತು: ಕೇರೆ ಹಾವು ಹೋದರೆ ತೋಟಕ್ಕೆ ಇಲಿ ಬರುತ್ತದೆ. ಮನೆ ಸುತ್ತ ಚೊಕ್ಕಟ ಇಟ್ಟುಕೊಳ್ಳಿ, ರಾತ್ರಿ ಟಾರ್ಚ್ ಹಿಡಿದು ನಡೆಯಿರಿ, ಸಾಕು. ಕಾಸರಕವಂತೂ 2023ರಿಂದ ನಮ್ಮ ಜಿಲ್ಲೆಯ ಅಧಿಕೃತ ಮರ.

ಆದಾಯ ಬೇಕೇಬೇಕು, ಒಪ್ಪುತ್ತೇನೆ. ಗುಡ್ಡೆಯ ಕೆಳಗಿನ ಅಂಚಿನಲ್ಲಿ, ಇರುವ ಮರ ಕಡಿಯದೆ, ನಡುನಡುವೆ ಪುನರ್ಪುಳಿ (ಕೋಕಂ), ಕಾಟುಮಾವು, ಹೆಬ್ಬಲಸು ನೆಡಿ. ಪುನರ್ಪುಳಿ ಸಿಪ್ಪೆ ಒಣಗಿಸಿದರೆ ಮಾರಲು ಕಷ್ಟವಿಲ್ಲ. ರಬ್ಬರಿನಷ್ಟು ದುಡ್ಡು ಬರುತ್ತದೆ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಸುರಂಗ ಬತ್ತಿದರೆ ಅಡಿಕೆ ತೋಟಕ್ಕೆ ಬೋರ್‌ವೆಲ್ ತೆಗೆಸುವ ಖರ್ಚನ್ನೂ ತಮ್ಮನ ಲೆಕ್ಕದಲ್ಲಿ ಸೇರಿಸಿ ನೋಡಿ.

ಪ್ರಶ್ನೆ: ಒಳ್ಳೆ ಇಳುವರಿಯ ಒಂದೇ ಭತ್ತದ ತಳಿಯನ್ನು ಎಲ್ಲರೂ ಬೆಳೆದರೆ ತಪ್ಪೇನು? ಹಳೆಯ ತಳಿಗಳು ಯಾಕೆ ಬೇಕು? (ಮಂಜೇಶ್ವರದ ಓದುಗರು)

ಉತ್ತರ: ಒಂದು ರೋಗ ಬಂದರೆ ಎಲ್ಲರದ್ದೂ ಒಟ್ಟಿಗೆ ಹೋಗುತ್ತದೆ, ಅದೇ ತಪ್ಪು. 1970ರ ದಶಕದಲ್ಲಿ ಏಷ್ಯಾದ ಗದ್ದೆಗಳಿಗೆ ಭತ್ತವನ್ನು ಗಿಡ್ಡ ಮಾಡುವ ಒಂದು ವೈರಸ್ ಬಂತು. ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಸಾವಿರಾರು ಮಾದರಿ ಪರೀಕ್ಷಿಸಿದರು. ಅದನ್ನು ತಡೆಯುವ ಶಕ್ತಿ ಸಿಕ್ಕಿದ್ದು ನಮ್ಮ ಉತ್ತರ ಪ್ರದೇಶದ ಒಂದು ಕಾಡುಭತ್ತದಲ್ಲಿ! ಯಾರೂ ಉಣ್ಣದ ಆ ಹುಲ್ಲು ಅಷ್ಟರೊಳಗೆ ನಾಶವಾಗಿದ್ದರೆ?

ನಮ್ಮ ಜಿಲ್ಲೆಯ ರೈತ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದ್ದಾರೆ, 2024ರಲ್ಲಿ ಪದ್ಮಶ್ರೀ ಬಂತು. ಅವರು ಪಾಲಿಬ್ಯಾಗ್‌ನಲ್ಲೂ ಭತ್ತ ಬೆಳೆಸುತ್ತಾರೆ, ಅಂದರೆ ಗದ್ದೆ ಇಲ್ಲ ಅನ್ನುವ ನೆಪ ನಡೆಯುವುದಿಲ್ಲ. ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಬೀಜ ಇದ್ದರೆ ಬೈಹುಲ್ಲಿನ ಮುಡಿ ಕಟ್ಟಿ ಅಟ್ಟದಲ್ಲಿಟ್ಟು ಮರೆಯಬೇಡಿ. ನಮ್ಮ ತೇವದ ಹವೆಗೆ ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ಒಂದು ಹಿಡಿಯಾದರೂ ಪ್ರತಿ ಮಳೆಗಾಲ ಬಿತ್ತಿ, ಇನ್ನೊಂದು ಹಿಡಿ ನೆರೆಮನೆಗೆ ಕೊಡಿ. ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಹೋಗಿ ತಳಿಯ ಹೆಸರನ್ನು ದಾಖಲೆಯಲ್ಲಿ ಬರೆಸಿ.