ಕಡಲ ಓದು, ಕಡಲ ಕಾವಲು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಬಿ ಓದುತ್ತಿದ್ದೇನೆ. ಕಡಲಜೀವಿಗಳನ್ನು ಉಳಿಸುವ ಕೆಲಸಕ್ಕೇ ಹೋಗಬೇಕೆಂಬ ಆಸೆ. ಬಿ.ಎಫ್.ಎಸ್‌ಸಿ. (ಮೀನುಗಾರಿಕೆ ವಿಜ್ಞಾನದ ಪದವಿ) ಸೇರಲೇ, ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಲೇ?
– ವಿದ್ಯಾರ್ಥಿನಿ, ಕುಂದಾಪುರ

ಉತ್ತರ: ಎರಡೂ ಕಡಲಿಗೇ ಮುಟ್ಟಿಸುತ್ತವೆ. ಆದರೆ ಒಂದು ದಾರಿ ಹಿಡಿದ ಮೇಲೆ ಇನ್ನೊಂದಕ್ಕೆ ಹೊರಳುವುದು ಕಷ್ಟ. ಮೀನುಗಾರಿಕೆ ವಿಜ್ಞಾನದ ಸ್ನಾತಕೋತ್ತರ ಪದವಿಯಾದ ಎಂ.ಎಫ್.ಎಸ್‌ಸಿ.ಗೆ ಸಾಮಾನ್ಯವಾಗಿ ಬಿ.ಎಫ್.ಎಸ್‌ಸಿ.ಯನ್ನೇ ಕೇಳುತ್ತಾರೆ. ಪ್ರಾಣಿಶಾಸ್ತ್ರ ಮುಗಿಸಿದ ಎಷ್ಟೋ ಮಂದಿಗೆ ಇದು ಗೊತ್ತಾಗುವುದು ಪದವಿ ಕೈಗೆ ಬಂದ ಮೇಲೆ.

ಬಿ.ಎಫ್.ಎಸ್‌ಸಿ. ನಾಲ್ಕು ವರ್ಷದ್ದು. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾಯಿತು, ದೇಶಕ್ಕೇ ಮೊದಲನೆಯದು. ಸೀಟು ಸಿಇಟಿ ಮೂಲಕ. ಕೃಷಿಕರ ಮಕ್ಕಳ ಕೋಟಾಕ್ಕೆ ಬೇರೆಯೇ ಪ್ರಾಯೋಗಿಕ ಪರೀಕ್ಷೆ ಇದೆ, ಅರ್ಜಿಯಲ್ಲೇ ಅದನ್ನು ಕೋರಬೇಕು. ಮೀನು ಸಂಪತ್ತಿನ ನಿರ್ವಹಣೆ, ಮೀನುಗಾರಿಕೆ ಇಲಾಖೆಯ ಕೆಲಸ, ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯಂಥ ಕಡೆಯ ಸಂಶೋಧನೆ ನಿಮ್ಮ ಮನಸ್ಸಿನಲ್ಲಿದ್ದರೆ ಇದೇ ಸರಿಯಾದ ದಾರಿ.

ಹವಳ, ಆಮೆ, ಕಾಂಡ್ಲ (ಮ್ಯಾಂಗ್ರೋವ್) ಕಾಡು ಎಂದು ಮನಸ್ಸು ಎಳೆದರೆ ಬಿ.ಎಸ್‌ಸಿ. ಮಾಡಿ, ಕಾರವಾರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವನ್ನೋ ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವಾದ ಕುಸಾಟ್ ಅನ್ನೋ ಸೇರಬಹುದು. ಸಂಶೋಧನೆ, ಅಧ್ಯಾಪನಕ್ಕೆ ಅರ್ಹತೆ ಕೊಡುವ ನೆಟ್ ಪರೀಕ್ಷೆಗೆ ಜೀವಶಾಸ್ತ್ರದವರು ಲೈಫ್ ಸೈನ್ಸಸ್ ಪತ್ರಿಕೆ ಬರೆಯುತ್ತಾರೆ. ಅಲೆ, ಪ್ರವಾಹಗಳನ್ನು ಓದುವವರಿಗೆ ಭೂವಿಜ್ಞಾನ-ಸಾಗರವಿಜ್ಞಾನದ ಪತ್ರಿಕೆ. ಅವರಿಗೆ ಗಣಿತ ಬೇಕೇ ಬೇಕು, ಈಗಲೇ ಕೈಬಿಡಬೇಡಿ.

ಸ್ಕೂಬಾ ಸರ್ಟಿಫಿಕೇಟಿಗೆ ದುಡ್ಡು ಸುರಿಯುವ ಮೊದಲು ಸಂಖ್ಯಾಶಾಸ್ತ್ರ ಕಲಿಯಿರಿ. ಬಂದರಿನಲ್ಲಿ ನಸುಕಿಗೇ ನಿಂತು ಬಂಗುಡೆ, ಬೂತಾಯಿಗಳ ಉದ್ದ ಅಳೆಯುವುದು, ಹೊಟ್ಟೆ ಸೀಳಿ ತತ್ತಿ ಬಲಿತಿದೆಯೇ ನೋಡುವುದು, ಆ ಅಂಕಿಗಳನ್ನು ವಿಶ್ಲೇಷಿಸುವುದು, ದಿನನಿತ್ಯದ ಕೆಲಸ ಹೆಚ್ಚಾಗಿ ಇಂಥದ್ದು. ನೀರಿಗಿಳಿಯುವ ದಿನಗಳು ಕಡಿಮೆ.

ಪ್ರಶ್ನೆ: ನಮ್ಮೂರ ದಂಡೆಯಲ್ಲಿ ಕಡಲಾಮೆ ಮೊಟ್ಟೆ ಇಟ್ಟಿತ್ತು. ನಾಯಿಗಳ ಭಯಕ್ಕೆ ಮರುದಿನ ಸಂಜೆ ಬುಟ್ಟಿಗೆ ತುಂಬಿ ಬೇರೆ ಕಡೆ ಹೂತೆವು. ಒಂದೂ ಮರಿಯಾಗಲಿಲ್ಲ. ತಪ್ಪಿದ್ದೆಲ್ಲಿ?
– ಓದುಗರು, ಹೊನ್ನಾವರ ತಾಲ್ಲೂಕು

ಉತ್ತರ: ಹೊತ್ತು ಮೀರಿದ್ದೇ ಮುಖ್ಯ ಕಾರಣವಿರಬೇಕು. ಮೊಟ್ಟೆ ಇಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣ ಚಿಪ್ಪಿನ ಒಳಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಉರುಳಿದರೆ ಆ ಅಂಟು ಹರಿದು ಭ್ರೂಣ ಸಾಯುತ್ತದೆ. ಕೋಳಿಮೊಟ್ಟೆಯನ್ನು ಹೊರಳಿಸುತ್ತಿರಬೇಕು, ಆಮೆಮೊಟ್ಟೆಯನ್ನು ಹೊರಳಿಸಲೇಬಾರದು.

ಗೂಡು ಕಂಡ ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ. ಕಡಲಾಮೆಯ ಜಾತಿಯಾದ ಆಲಿವ್ ರಿಡ್ಲೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಮೊಟ್ಟೆ ಮುಟ್ಟುವುದೂ ಅಪರಾಧವಾದೀತು. ಉಬ್ಬರದ ಗೆರೆಗಿಂತ ಮೇಲಿದ್ದರೆ ಗೂಡನ್ನು ಅಲ್ಲೇ ಬಿಟ್ಟು, ಸುತ್ತ ಜಾಲರಿ ಹಾಕಿ ನಾಯಿ ಬರದಂತೆ ಕಾಯುವುದೇ ಒಳ್ಳೆಯದು. ಸುಮಾರು 45ರಿಂದ 60 ದಿನದಲ್ಲಿ ಮರಿಗಳು ಹೊರಬರುತ್ತವೆ. ಮರಳಿನ ಬಿಸಿಯೇ ಗಂಡೋ ಹೆಣ್ಣೋ ಎಂದು ತೀರ್ಮಾನಿಸುತ್ತದೆ. ಬಿಸಿ ಏರಿದಷ್ಟೂ ಹೆಣ್ಣುಮರಿ ಹೆಚ್ಚು. ಆ ದಿನಗಳಲ್ಲಿ ದಂಡೆಯ ದೀಪ ಆರಿಸಿ. ಬೆಳಕು ಕಂಡತ್ತ ಹೋಗುವ ಮರಿ ರಸ್ತೆಗೆ ಬರುತ್ತದೆ. ಮರಿಗಳನ್ನು ಬಕೆಟ್ ನೀರಿನಲ್ಲಿ ಇಟ್ಟುಕೊಳ್ಳಬೇಡಿ, ಈಜಿ ಈಜಿ ಸುಸ್ತಾಗುತ್ತವೆ. ಮರಳ ಮೇಲೆ ತಾವಾಗಿಯೇ ತೆವಳಿ ಕಡಲು ಸೇರಲಿ.

ಪ್ರಶ್ನೆ: ಬೋಟು ಎಳೆದೊಯ್ಯುವ ಟ್ರಾಲ್ ಬಲೆಯಲ್ಲಿ ಮೀನು ಸೇರುವ ಹಿಂಚೀಲಕ್ಕೆ 35 ಮಿ.ಮೀ. ಚೌಕ ಕಣ್ಣೇ (ಬಲೆಯ ರಂಧ್ರ) ಏಕೆ ಬೇಕು?
– ಬೋಟ್ ಮಾಲೀಕರು, ಮಲ್ಪೆ

ಉತ್ತರ: ವಜ್ರಾಕಾರದ ಕಣ್ಣು ಬಲೆ ಎಳೆಯುವಾಗ ಬಿಗಿದು ಮುಚ್ಚಿಕೊಳ್ಳುತ್ತದೆ, ಮರಿಮೀನಿಗೆ ನುಸುಳಲು ಜಾಗವಿರುವುದಿಲ್ಲ. ಚೌಕ ಕಣ್ಣಿನ ದಾರಗಳು ಎಳೆತದ ನೇರಕ್ಕೂ ಅಡ್ಡಕ್ಕೂ ಇರುವುದರಿಂದ ಅದು ತೆರೆದೇ ಇರುತ್ತದೆ. ಗಂಟಿನ ಬಲೆಯಾದರೆ ಗಂಟು ಜಾರಿ ಕಣ್ಣಿನ ಆಕಾರ ಕೆಡಬಹುದು, ಗಂಟಿಲ್ಲದ್ದನ್ನು ಆರಿಸಿಕೊಳ್ಳಿ. ಹಿಂಚೀಲದ ಮೇಲೆ ಇನ್ನೊಂದು ಸಣ್ಣಕಣ್ಣಿನ ಬಲೆ ಹೊದಿಸಿದರೆ ಚೌಕ ಕಣ್ಣು ಹಾಕಿಯೂ ಪ್ರಯೋಜನವಿಲ್ಲ.